ವಿಚಾರಣೆಗೆ ಬಂದವರಿಗೆ ನಾನು ಹೇಳಿದ್ದು

ವೀಣಕ್ಕಾ, ಸೊಲ್ಲಾಪುರದವರು ಆ ಸಂಬಂಧ ಬೇಡವೆಂದದ್ದು ನಿನ್ನ ಅವ್ವನ, ನನ್ನ ಕಾಕೂನ, ನಾಲಿಗೆಯಿಂದಲ್ಲ, ನನ್ನ ನಾಲಿಗೆಯಿಂದ. ಜಾತಕ ಕೂಡಲಿಲ್ಲ ಎಂದು ಅವರು ಹೇಳಿ ಕಳಿಸಿದ್ದು ಸುಳ್ಳು. ನಿನ್ನ ಅವ್ವ ಅಂದು ಆಡಿದ ಸಕ್ಕರೆಯ ಮಾತು ಅವರಿಗೆ ಚುಚ್ಚಿತು ಎಂದು ನೀನು ನಾಲ್ಕು ವರ್ಷ ನಂಬಿಕೊಂಡು ಬಂದದ್ದೂ ಸುಳ್ಳೇ. ನಡೆದದ್ದು ಬೇರೆ. ಅದು ನನಗೆ ಗೊತ್ತಿತ್ತು — ಮೊದಲ ದಿನದಿಂದ ಗೊತ್ತಿತ್ತು — ಗೊತ್ತಿದ್ದೂ ನಿಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಚಹಾ ಕುಡಿದೆ, ಕುಡಿದ ಲೋಟ ತೊಳೆದಿಟ್ಟೆ, ಸುಮ್ಮನಿದ್ದೆ.

ಇದನ್ನು ಬರೆಯಲು ಎಷ್ಟು ಸಲ ಕೂತೆನೋ. ಕೂತಾಗಲೆಲ್ಲ ಯಾರದೋ ದನಿ ಬಂದು ಪೆನ್ನು ಕಸಿದುಕೊಳ್ಳುತ್ತದೆ. ಒಮ್ಮೆ ಕೀರ್ತನೆ ಮಾಡುವವರ ದನಿ, ಒಮ್ಮೆ ಟಿವಿಯಲ್ಲಿ ಕೈಮುಗಿಯುವ ಪುಢಾರಿಯ ದನಿ — ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ... ಆಗಿದ್ದರೆ ಏನು ಬಂತು, ಆಗಿದೆ! ಊರವರ ದನಿಯೆಲ್ಲ ಕದ್ದು ಇಟ್ಟುಕೊಂಡವನಿಗೆ ಒಂದು ನಿಜ ಹೇಳಲು ಸ್ವಂತದ್ದೊಂದು ದನಿ ಸಿಗುವುದಿಲ್ಲ ಎಂದರೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಚಚ್ಚಿಕೊಂಡರೂ, ಖರೆ ಹೇಳುತ್ತೇನೆ, ನಮ್ಮಪ್ಪ ಚಚ್ಚಿಕೊಳ್ಳುವ ಹಾಗೆಯೇ ಚಚ್ಚಿಕೊಳ್ಳುತ್ತೇನೆ.

ನಿನಗೆ ಗೊತ್ತಿರುವುದನ್ನೂ ಒಂದಿಷ್ಟು ಹೇಳಬೇಕಾಗುತ್ತದೆ. ಎಲ್ಲಿ ಕೆಟ್ಟಿತು ಎಂದು ನನಗೇ ತಿಳಿಯಬೇಕಲ್ಲ.

ಈ ಮರಾಠಿ ಊರಿನ ಕಸಬಾ ಪೇಠೆಯಲ್ಲಿ, ಅಂಗಳ ಸುತ್ತಿ ಕಟ್ಟಿದ ಆ ಹಳೇ ವಾಡೆಯಲ್ಲಿ, ಕೆಳಗಿನ ಅರ್ಧ ನಿಮ್ಮದು, ನಿನ್ನ ಮುತ್ತಜ್ಜ ವಿಜಯಪುರದಿಂದ ಗುಮಾಸ್ತಿಕೆಗೆಂದು ಬಂದು ಕೊಂಡದ್ದು. ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ನಾವು. ಊರಂಚಿನ ಧನಕವಡಿಗೆ ಮನೆ ಬದಲಿಸುವವರೆಗೆ ನಾನು ಬೆಳೆದದ್ದೆಲ್ಲ ನಿಮ್ಮ ಅಂಗಳದಲ್ಲೇ. ಹಾಲಿನವನು ಹೇಗೆ ಕೂಗುತ್ತಾನೆ, ಮೂಲೆಮನೆಯ ಅಜ್ಜ ಹೇಗೆ ಕ್ಯಾಕರಿಸುತ್ತಾನೆ, ನಮ್ಮಪ್ಪ ಸಾಲ ಕೇಳಲು ಬಂದವರೆದುರು ಹೇಗೆ ಕೆಮ್ಮುತ್ತಾನೆ — ಎಲ್ಲ ಮೆಟ್ಟಿಲ ಮೇಲೆ ನಿಂತು ಮಾಡಿ ತೋರಿಸುತ್ತಿದ್ದೆ. ಕೆಳಗಿನ ಮೆಟ್ಟಿಲಲ್ಲಿ ಕೂತು ಹೊಟ್ಟೆ ಹಿಡಿದು ನಗುತ್ತಿದ್ದವಳು ನೀನು. “ರಾಘ್ಯಾ, ಈಗ ನಮ್ಮವ್ವಂದು ಮಾಡೋ!” ಎನ್ನುತ್ತಿದ್ದವಳೂ ನೀನೇ. ನಾನು ಸೊಂಟಕ್ಕೆ ಕೈಯಿಟ್ಟು ಶುರು ಮಾಡಿದರೆ ಕಾಕು ಲಟ್ಟಣಿಗೆ ಹಿಡಿದು ಹೊರಗೆ ಬರುತ್ತಿದ್ದರು. “ಏ ಮಂಗ್ಯಾ, ನನ್ನ ದನಿ ಕದ್ದಿ, ನನ್ನ ಮೊಣಕಾಲಬ್ಯಾನಿನೂ ಕದ್ಕೊಂಡು ಹೋಗು, ಪುಣ್ಯಾ ಬರ್ತದ!”

ಹೀಗೆ ಬೆಳೆದವನು ಬೇರೇನು ಕಸುಬು ಮಾಡಿಯಾನು? ಒಂದು ಆಫೀಸಿನಲ್ಲಿ ಮ್ಯಾನೇಜರರ ನಕಲು ಮಾಡಿದೆ. ಅವರು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಈ ತಿರುಗಾಟದ ಧಂದೆ. ಭಾನುವಾರ ಮುಂಜಾನೆ ಹಿಂಜವಾಡಿಯ ಸಾಫ್ಟ್‌ವೇರ್ ಮಂದಿ ನೀರಿನ ಬಾಟಲಿ, ಬಿಳಿ ಬೂಟುಗಳ ಸಮೇತ ಬಂದು ಇಳಿಯುತ್ತಾರೆ. ಅವರನ್ನು ಹಳೇ ಪೇಠೆಗಳ ಗಲ್ಲಿಗಳಲ್ಲಿ ನಡೆಸಿ, ಇಂಥ ಗುಡಿ, ಇಂಥ ಬಾಗಿಲು, ಇಂಥ ವಾಡೆ ಎಂದು ಇತಿಹಾಸ ಹೇಳಿ, ಕೊನೆಗೆ ಮಿಸಳ ತಿನ್ನಿಸಿ ಕಳಿಸುವುದು. ನಿಮ್ಮ ಅಂಗಳದ ಹೌದವನ್ನು — ಕಲ್ಲುಚಪ್ಪಡಿ ಮುಚ್ಚಿದ ಆ ನೀರಿನ ತೊಟ್ಟಿಯನ್ನು — ತೋರಿಸಲೇ ಎಂದು ನಾನು ಕೇಳಿದಾಗ ಕಾಕು ಏನೆಂದರು, ನೆನಪಿದೆಯಾ? “ತೋರಸೋ. ನಮ್ಮ ಹೌದಾದರೂ ನಾಕ ಮಂದಿ ಕಣ್ಣಿಗೆ ಬೀಳಲಿ. ನಮ್ಮನ್ನಂತೂ ಯಾರೂ ನೋಡೂದಿಲ್ಲ.”

ಮೊದಮೊದಲು ನಿಜವನ್ನೇ ಹೇಳಿದೆ. ಕಾತ್ರಜ ಕೆರೆಯಿಂದ ನೆಲದೊಳಗಿನ ಕಾಲುವೆಯಲ್ಲಿ, ಯಂತ್ರ ಗಿಂತ್ರ ಏನೂ ಇಲ್ಲದೆ, ಬರೀ ಇಳಿಜಾರಿನ ಬಲದಿಂದ ನೀರು ಪೇಠೆಗಳ ಹೌದಗಳಿಗೆ ಬರುತ್ತಿತ್ತು. ಎಂಥ ಚೆಂದದ ಸಂಗತಿ! ಆಮೇಲೆ ನಳ ಬಂತು, ಹೌದದಲ್ಲಿ ಸೊಳ್ಳೆ ತುಂಬಿದವು, ಮಹಾನಗರಪಾಲಿಕೆಯವರು ಬಂದು ಮುಚ್ಚಿ ಎಂದರು, ಮುಚ್ಚಿದರು. ಕಥೆ ಮುಗಿಯಿತು. ಸೊಳ್ಳೆ ಎಂಬ ಮಾತಿಗೆ ಬರುವಷ್ಟರಲ್ಲಿ ಅರ್ಧ ಗುಂಪು ಮೊಬೈಲಿನಲ್ಲಿ ಇರುತ್ತಿತ್ತು. ಒಂದು ಭಾನುವಾರ ಬೆಂಗಳೂರಿನ ಕಡೆಯ ಹುಡುಗಿಯೊಬ್ಬಳು ಮುಖ ಸಣ್ಣದು ಮಾಡಿ ಕೇಳಿದಳು — “ಯಾರೂ ಬಿದ್ದಿಲ್ವಾ ಇದ್ರಲ್ಲಿ? ಒಂದು ಸ್ಟೋರಿನೂ ಇಲ್ವಾ?”

“ಇದೆ” ಎಂದೆ.

ಅಷ್ಟೇ. ಯೋಚನೆ ಮಾಡಿ ಹೇಳಿದ್ದಲ್ಲ, ಗಂಟಲಲ್ಲಿದ್ದದ್ದು ಬಾಯಿಗೆ ಬಂತು. ಈ ಮನೆಯ ಹೆಣ್ಣುಮಗಳೊಬ್ಬಳು, ಮದುವೆ ಮುರಿದು, ಹೌದಕ್ಕೆ ಹಾರಿದಳು ಎಂದೆ. ಮೊಬೈಲುಗಳು ಕೆಳಗಿಳಿದವು. ಎಲ್ಲರೂ ನನ್ನನ್ನೇ ನೋಡಿದರು. ಆ ರುಚಿ — ಏನು ಹೇಳಲಿ ನಿನಗೆ! ಮುಂದಿನ ವಾರ ಅವಳಿಗೆ ಹಸಿರು ಸೀರೆ ಉಡಿಸಿದೆ. ಅದರ ಮುಂದಿನ ವಾರ ಕಾಲಿಗೆ ಗೆಜ್ಜೆ ಬಂತು. ಅದರ ಸದ್ದಿಗೆ ಕಿಸೆಯೊಳಗೆ ಬೀಗದಕೈ ಗೊಂಚಲು ಅಲ್ಲಾಡಿಸುತ್ತಿದ್ದೆ. ಆಮೇಲೆ ಅವಳ ಬಾಯಿಂದ ಶಾಪ ಕೊಡಿಸಿದೆ. ಈ ಮನೆಯ ಹೆಣ್ಣು ಯಾವ ಮನೆಯ ಹೊಸ್ತಿಲು ತುಳಿದರೂ ಆ ಮನೆಯ ವಂಶ ಬೆಳೆಯದಿರಲಿ ಅಂತ. ಕೊನೆಗೆ ಕಾಕೂನ ದನಿ ತೆಗೆದು, “ಏ, ಅಲ್ಲಿ ನಿಂದರಬ್ಯಾಡ್ರಿ, ಸರೀರಿ!” ಎಂದು ಕೂಗಿದರೆ ಗುಂಪು ಹೌಹಾರಿ ಹಿಂದೆ ಸರಿಯುತ್ತಿತ್ತು. ಕಾಕು ಹಾಗೆ ಕೂಗುತ್ತಿದ್ದದ್ದು ನಿಜ. ಅಲ್ಲಿ ಪಾಚಿ ಇತ್ತು, ಜಾರುತ್ತಿತ್ತು, ಅದಕ್ಕೆ.

ನೀವಿಬ್ಬರೂ ಗುಡಿಗೆ ಹೋಗುವ ಹೊತ್ತು ನೋಡಿಕೊಂಡೇ ನಾನು ಗುಂಪು ತರುತ್ತಿದ್ದೆ. ತಿಳಿಯದೆ ಮಾಡಿದವನು ಹೊತ್ತು ನೋಡುವುದಿಲ್ಲವಲ್ಲ. ಒಮ್ಮೆ ನೀನೇ ಕೇಳಿದೆ, “ನಮ್ಮ ಹೌದದಾಗ ದೆವ್ವ ಅದ ಅಂತ ಯಾರೋ ಅಂದ್ರಲ್ಲೋ ರಾಘ್ಯಾ?” “ಮಂದಿಗೇನು ಕೆಲಸ, ಏನರ ಅಂತಾರ ಬಿಡಕ್ಕಾ” ಎಂದು ನಕ್ಕೆ. ನೀನೂ ನಕ್ಕೆ.

ಆಮೇಲೆ ಸೊಲ್ಲಾಪುರದವರು ನಿನ್ನನ್ನು ನೋಡಲು ಬಂದರು.

ಅಂದು ಪಕ್ಕದ ಮನೆಯಿಂದ ಕುರ್ಚಿ ತಂದು ಹಾಕಿದವನು ನಾನು. ಚೂಡಾದ ಪ್ಲೇಟು ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದೆ. ಪ್ರಸನ್ನ — ಇದೇ ಊರಿನ ಕ್ಯಾಂಪ್ ಭಾಗದ ಬ್ಯಾಂಕಿನಲ್ಲಿ ಕೆಲಸ, ಕನ್ನಡಕ ಸರಿಮಾಡಿಕೊಳ್ಳುತ್ತಲೇ ಇದ್ದ — ನಿನ್ನನ್ನು ಏನೋ ಕೇಳಿದ, ನೀನು ಏನೋ ಹೇಳಿದೆ, ಇಬ್ಬರೂ ಉಳಿದವರನ್ನು ಮರೆತೇಬಿಟ್ಟಿರಿ. ಆಗ ಅವನ ತಾಯಿ, “ನಮ್ಮ ಪ್ರಸನ್ನಗ ಚಹಾಕ್ಕ ಸಕ್ಕರಿ ಕಮ್ಮಿ ಬೇಕ್ರಿ” ಎಂದರು. ಒಳಗಿನಿಂದ ಕಾಕು, “ಚಿಂತಿ ಮಾಡಬ್ಯಾಡ್ರಿ, ನಮ್ಮ ಮನ್ಯಾಗ ಮಾತಿಗೂ ಸಕ್ಕರಿ ಕಮ್ಮೀನ!” ಎಲ್ಲರಿಗಿಂತ ಜೋರಾಗಿ ನಕ್ಕವನು ಪ್ರಸನ್ನ. ಅವನ ತಾಯಿಯೂ ನಕ್ಕರು. ನಾನು ನೋಡಿದ್ದೇನೆ ಅಕ್ಕಾ. ಒಂದು ಚೂರೂ ಚುಚ್ಚಿರಲಿಲ್ಲ.

ಅವರು ಹೋದ ಮೇಲೆ ನಾನು ಗಂಟಲು ಸರಿಮಾಡಿಕೊಂಡು, ಇಲ್ಲದ ಕನ್ನಡಕ ಮೇಲೇರಿಸಿದೆ. ನೀನು ಥಟ್ಟನೆ ಅಂದೆ — “ರಾಘ್ಯಾ, ಅವರದೊಂದು ಬ್ಯಾಡೋ.” ಹುಟ್ಟಿದಾಗಿನಿಂದ ನೀನು ನನಗೆ ಯಾರದನ್ನೂ ಬೇಡವೆಂದವಳಲ್ಲ. ಅದಕ್ಕೂ ಮೊದಲು ಬಂದುಹೋದ ಗಂಡುಗಳ ನಕಲನ್ನೆಲ್ಲ ನನ್ನಿಂದ ಮಾಡಿಸಿ ನೋಡಿದ್ದೆ, ಒಬ್ಬರದಂತೂ ಎರಡೆರಡು ಸಲ. ಹಾಗಾಗಿ ನನಗೆ ಅರ್ಥವಾಯಿತು. ಎಲ್ಲರಿಗಿಂತ ಮೊದಲು ಅರ್ಥವಾದದ್ದು ನನಗೇ.

ಈಗ ಆ ಭಾನುವಾರ.

ನಮ್ಮ ಕಡೆ ಒಂದು ರಿವಾಜು. ಹುಡುಗಿ ಒಪ್ಪಿಗೆಯಾದರೂ ನಿಶ್ಚಯಕ್ಕೆ ಮುಂಚೆ ಗಂಡಿನ ಕಡೆಯವರಲ್ಲಿ ಒಬ್ಬಿಬ್ಬರು ಗುರುತು ಹೇಳದೆ ಬಂದು ಓಣಿಯಲ್ಲಿ ವಿಚಾರಿಸುತ್ತಾರೆ. ಹಿಟ್ಟಿನ ಗಿರಣಿಯವನನ್ನು, ಕಿರಾಣಿ ಅಂಗಡಿಯವನನ್ನು, ನಳದ ಹತ್ತಿರ ನಿಂತವರನ್ನು — ಆ ಮನೆಯವರು ಹೆಂಗ್ರಿ? ನಮ್ಮ ವಾಡೆಗೆ ಇಂಥವರು ಬಂದಾಗ ಯಾರೂ ಕಲಿಸದೆ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: “ಚಲೋ ಮಂದಿ ರೀ.” ಅಂದೇ ಮುಂಜಾನೆ ನೀರಿಗಾಗಿ ಕೊಡದಿಂದ ಹೊಡೆದಾಡಿದವರೂ ಹಾಗೆಯೇ ಹೇಳುತ್ತಿದ್ದರು. ಗೋಲಿ ಆಡುವ ವಯಸ್ಸಿನಲ್ಲಿ ನಾನೂ ಹೇಳಿದ್ದೇನೆ, ಮೂಲೆಮನೆಯ ಮಗಳ ಬಗ್ಗೆ, ಯಾರೋ ಪೇಪರಮೆಂಟು ಕೊಟ್ಟು ಕೇಳಿದಾಗ. ಅಷ್ಟು ಸಣ್ಣವನಿದ್ದಾಗ ಗೊತ್ತಿದ್ದದ್ದು...

ಕಾಲ ಬದಲಾಗಿತ್ತು. ಗಿರಣಿ ಮುಚ್ಚಿತ್ತು, ಕಿರಾಣಿ ಅಂಗಡಿಯಲ್ಲಿ ಹೊಸಬರು. ಪೇಠೆಯ ಮನೆಮನೆಯ ಕಥೆ ಗೊತ್ತಿದೆ ಎಂದು ಜಾಹೀರಾತು ಹಾಕಿಕೊಂಡವನು ನಾನೊಬ್ಬ. ಅವರು ನನ್ನ ಹತ್ತಿರ ಬರದೆ ಇನ್ನೆಲ್ಲಿಗೆ ಹೋದಾರು?

ವಯಸ್ಸಾದ ಗಂಡಹೆಂಡಿರು, ನಾನು ಮೊದಲು ಕಂಡವರಲ್ಲ. ಉಳಿದವರಂತೆಯೇ ಟೋಪಿ, ಬೂಟು. ಮಾತು ಮರಾಠಿ. ಗುಡಿಯಲ್ಲಿ ಏನೂ ಕೇಳಲಿಲ್ಲ, ಬುರುಜಿನ ಬಳಿ ಏನೂ ಕೇಳಲಿಲ್ಲ. ನಿಮ್ಮ ಅಂಗಳಕ್ಕೆ ಕಾಲಿಟ್ಟ ಕೂಡಲೇ ಆ ಅಮ್ಮ ಒಣಗಲು ಹಾಕಿದ ಸೀರೆ ನೋಡಿದರು, ತುಳಸಿ ಕಟ್ಟೆ ನೋಡಿದರು, ಬಾಗಿಲ ಬಳಿಯ ಚಪ್ಪಲಿ ನೋಡಿದರು. ಈ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಮರಾಠಿಯಲ್ಲೇ ಕೇಳಿದರು. ಕುರುಡನಿಗೂ ಕಾಣುತ್ತಿತ್ತು ಅದು ಎಂಥ ನೋಟ ಎಂದು. ನಾನು ಗುಂಪಿನ ಕಣ್ಣು ನೋಡುತ್ತಿದ್ದೆ. ಕಥೆ ಶುರು ಮಾಡಿದೆ — ಹಸಿರು ಸೀರೆ, ಗೆಜ್ಜೆ, ಶಾಪ, ಕಾಕೂನ ಕೂಗು, ಎಲ್ಲ. ಅಂದು ಯಾಕೋ ಕಳೆಗಟ್ಟಿ ಬಂತು. ಚಪ್ಪಾಳೆಯೂ ಬಿತ್ತು.

ಚಪ್ಪಾಳೆ ನಿಂತ ಮೇಲೆ ಆ ಅಮ್ಮ ಹತ್ತಿರ ಬಂದು, ಅಚ್ಚ ಕನ್ನಡದಲ್ಲಿ ಕೇಳಿದರು:

“ಅಲ್ಲಪಾ, ಈಗ ಇಲ್ಲಿರೋ ಹುಡಿಗಿ ಅದೇ ಮನೆತನದಾಕಿ ಏನು?”

ಮರಾಠಿ ಗುಂಪಿನ ನಡುವೆ ಕನ್ನಡ ಕೇಳಿದ ಖುಷಿ. ನಮ್ಮವರು! ನಮ್ಮವರನ್ನು ನಗಿಸಬೇಕು! ಅಲ್ಲೇ ಮುಂದೆ ಬಾಗಿ, ಕಣ್ಣು ಹೊಡೆದು ಅಂದೆ —

“ಅದೇ ಮನೆತನ ರೀ ಅಕ್ಕಾರ. ಅದಕ್ಕ ನೋಡ್ರಿ, ಇನ್ನೂ ಲಗ್ನ ಆಗಿಲ್ಲ!”

ಅವರು ನಗಲಿಲ್ಲ. ಗಂಡನ ಮುಖ ನೋಡಿದರು. ಆ ಯಜಮಾನರು, “ನಡಿ, ಬಿಸಲಾತು” ಎಂದರು. ಬಿಸಿಲು ಇನ್ನೂ ಗೋಡೆ ಇಳಿದಿರಲಿಲ್ಲ. ಯಾವ ಊರ್ರೀ ನಿಮ್ಮದು ಎಂದು ನಾನು ಕೇಳಿದ್ದು ಅವರ ಬೆನ್ನಿಗೆ. “ಸೊಲ್ಲಾಪುರ” ಎಂದಿತು ಬೆನ್ನು.

ಆಗ ತಿಳಿಯಿತು. ಅನುಮಾನವಲ್ಲ, ಊಹೆಯಲ್ಲ, ತಿಳಿಯಿತು. ಅವರು ಗಲ್ಲಿಯ ತುದಿಯಲ್ಲಿ ರಿಕ್ಷಾಕ್ಕೆ ಕೈ ಮಾಡುತ್ತಿದ್ದರು. ಓಡಬಹುದಿತ್ತು. ಓಡಿಹೋಗಿ, ಅಮ್ಮಾ, ಇದೆಲ್ಲ ನಾನು ಕಟ್ಟಿದ್ದು, ಆ ಹೌದದಲ್ಲಿ ಸೊಳ್ಳೆ ಬಿಟ್ಟು ಬೇರೆ ಯಾರೂ ಸತ್ತಿಲ್ಲ, ಚಲೋ ಮಂದಿ ರೀ, ಭಾಳ ಚಲೋ ಮಂದಿ — ಎಂದು ಕಾಲು ಹಿಡಿಯಬಹುದಿತ್ತು. ಆದರೆ ಹಿಂದೆ ಗುಂಪು ನಿಂತಿತ್ತು. ಅವರ ಎದುರು ಸುಳ್ಳುಗಾರನಾಗಬೇಕಿತ್ತು. ನಾನು ತಿರುಗಿ, “ಚಲಾ, ಮಿಸಳ!” ಎಂದೆ. ಎಲ್ಲರೂ ಹೋ ಎಂದರು.

ಆಮೇಲಿನದು ನಿನಗೇ ಗೊತ್ತು. ಮೊದಲೇ ಕೂಡಿದ್ದ ಜಾತಕ ಈಗ ಕೂಡುವುದಿಲ್ಲ ಎಂದರೆ ಬೇರೇನೋ ಇದೆ ಎಂದು ನಿಮ್ಮ ಬಳಗದವರೆಲ್ಲ ಕೂತು ಹುಡುಕಿದರು. ಹುಡುಕಿದ್ದಕ್ಕೆ ಸಕ್ಕರೆಯ ಮಾತು ಸಿಕ್ಕಿತು. ನಿನ್ನ ಸೋದರತ್ತೆ, “ಹೆಣ್ಣು ಹೆತ್ತಾಕಿ ಬಾಯಿಗೆ ಬೀಗ ಇರಬೇಕ್ರಿ” ಎಂದರು. ನೀನು ಕಾಕೂನ ಮುಖ ನೋಡಿ ಒಂದೇ ಮಾತು ಕೇಳಿದೆ, “ಒಂದು ದಿನ ಸುಮ್ಮ ಇರಲಿಕ್ಕೆ ಆಗಲಿಲ್ಲೇನವ್ವಾ ನಿನಗ?” ನಾನು ಅಲ್ಲೇ ಇದ್ದೆ. ತಂದಿದ್ದ ಕುರ್ಚಿಗಳನ್ನು ತಿರುಗಿ ಒಯ್ಯಲು ಬಂದಿದ್ದೆ. ಒಯ್ದೆ.

ಅಂದಿನಿಂದ ನಿಮ್ಮ ಒಂದೇ ಒಲೆಯ ಮೇಲೆ ಎರಡು ಚಹಾ. ಮೊದಲು ಕಾಕು ತಮ್ಮದು ಮಾಡಿಕೊಂಡು ಹೊರಗೆ ಬರುತ್ತಾರೆ, ಆಮೇಲೆ ನೀನು ಒಳಗೆ ಹೋಗುತ್ತೀ. ನಾನು ಹೋದರೆ ಎರಡೂ ಕಡೆಯಿಂದ ಸಿಗುತ್ತದೆ. ಎರಡನ್ನೂ ಕುಡಿದಿದ್ದೇನೆ! ಮತ್ತೆ ಕಾಕು — ನಳ ಬಂದಾಗ ಇಡೀ ಗಲ್ಲಿಯನ್ನು ಎಬ್ಬಿಸುತ್ತಿದ್ದ ಹೆಂಗಸು — ಈಗ ಹ್ಞೂಂ, ಹ್ಞಾಂ, ಆತು. ಇಷ್ಟೇ. ನಕಲು ಮಾಡೋಣವೆಂದರೆ ಏನೂ ಉಳಿದಿಲ್ಲ.

ತಿದ್ದಲು ನೋಡಿದೆ, ಅದನ್ನೂ ಹೇಳಿಬಿಡುತ್ತೇನೆ. ಒಳ್ಳೆಯವನಾಗಲಿಕ್ಕೆ ಹೇಳುತ್ತಿಲ್ಲ, ಸಿಟ್ಟು ಬಂದಿದೆ, ಅದಕ್ಕೆ. ತಿರುಗಾಟದಲ್ಲಿ ಆ ಕಥೆ ಬಿಟ್ಟೆ. ಯಾರೂ ಸತ್ತಿಲ್ಲ, ಅದು ಬರೀ ಕಟ್ಟುಕಥೆ ಎಂದೆ. ಒಬ್ಬ ನನ್ನ ಭುಜ ತಟ್ಟಿ, “ಮನೆಯವರು ಬಾಯಿ ಮುಚ್ಚಿಸಿದ್ರಾ ಬ್ರೋ?” ಎಂದ. ಇನ್ನೊಬ್ಬ, ಗೈಡು ಅಸಲಿ ಇತಿಹಾಸ ಮುಚ್ಚಿಡುತ್ತಾನೆ ಎಂದು ಇಂಟರ್ನೆಟ್ಟಿನಲ್ಲಿ ಬರೆದ. ಅಷ್ಟರಲ್ಲಿ ಬೇರೊಬ್ಬ ಗೈಡು ಗಲ್ಲಿಯ ಬಾಯಲ್ಲಿ ಗುಂಪು ನಿಲ್ಲಿಸಿಕೊಂಡು ಅದೇ ಕಥೆ ಹೇಳಲು ಶುರು ಮಾಡಿದ್ದ. ಸ್ಪೀಕರಿನಲ್ಲಿ ಗೆಜ್ಜೆ ಸದ್ದು ಬೇರೆ! ಹೋಗಿ ಅಂಗಲಾಚಿದೆ — ಮಾರಾಯಾ, ಅದು ನಾನು ಹುಟ್ಟಿಸಿದ್ದು, ಬಿಟ್ಟುಬಿಡು. ಅವನು ನನ್ನನ್ನೇ ಕನಿಕರದಿಂದ ನೋಡಿ, ಅವನ ಅಜ್ಜಿ ಅವನಿಗೆ ಚಿಕ್ಕಂದಿನಲ್ಲೇ ಈ ಕಥೆ ಹೇಳಿದ್ದಳು ಎಂದ. ಅಜ್ಜಿ! ನಾನು ಒಂದು ಭಾನುವಾರ ಆಕಳಿಕೆ ತಡೆಯಲೆಂದು ಬಾಯಿಂದ ಉದುರಿಸಿದ್ದನ್ನು ಅವನ ಅಜ್ಜಿ ಹೇಳಿದ್ದಳಂತೆ! ಅವನು ಸುಳ್ಳು ಹೇಳುತ್ತಿರಲಿಲ್ಲ ಅಕ್ಕಾ, ಅದೇ ಹುಚ್ಚು ಹಿಡಿಸುವುದು. ಅವನು ನಂಬಿದ್ದ.

ಕಥೆಯಿಂದ ಒಂದು ಮದುವೆ ಮುರಿದಿದೆ ಎಂದು ಗುಂಪಿನೆದುರು ಕೂಗಿ ಹೇಳಲೇ ಎಂದುಕೊಂಡೆ. ಹೇಳಿದರೆ ಅದೇ ಶಾಪಕ್ಕೆ ಸಾಕ್ಷಿಯಾಗುತ್ತದೆ. ನೋಡ್ರಿ, ಆ ಮನೆಯ ಹುಡುಗಿಯ ಮದುವೆ ಮುರಿದೇಹೋಯಿತಂತೆ! ಬಾಯಿ ಬಿಟ್ಟರೆ ಬೆಂಕಿಗೆ ತುಪ್ಪ, ಮುಚ್ಚಿದರೆ ಬೆಂಕಿ ಇದ್ದೇ ಇದೆ. ಊರಿಗೆ ನಿಜ ಹೇಳುವ ದಾರಿಗಳೆಲ್ಲ ಹೀಗೆ ಮುಚ್ಚಿದವು. ಆದರೆ ನಿಮ್ಮ ಅಡುಗೆಮನೆಗೆ ಹೇಳಲು ಯಾವ ಅಡ್ಡಿಯಿತ್ತು? ಏನೂ ಇರಲಿಲ್ಲ. ಊರನ್ನು ತಿದ್ದಲು ಓಡಾಡಿದ್ದೆಲ್ಲ ನಿಮ್ಮ ಹೊಸ್ತಿಲನ್ನು ತಪ್ಪಿಸಲಿಕ್ಕೇ ಇರಬೇಕು.

ಹೋದ ವಾರ ಬಂದಿದ್ದೆನಲ್ಲ. ಕಾಕು ಟ್ರಂಕು ತುಂಬುತ್ತಿದ್ದರು. ನೀನು ಬಾಗಿಲಲ್ಲೇ ಸಿಕ್ಕು, ಕಂಪನಿಯ ಗಾಡಿಗೆ ತಡವಾಯಿತೆಂದು ಬ್ಯಾಗು ಹೆಗಲಿಗೇರಿಸುತ್ತ, “ಅವ್ವ ಮಾಮಾನ ಮನಿಗೆ ಹೊಂಟಾಳ, ವಿಜಯಪುರಕ್ಕ. ಇನ್ನ ಅಲ್ಲೇ ಇರತಾಳಂತ” ಎಂದೆ. ನಿನ್ನ ದನಿಯಲ್ಲಿ ಏನೂ ಇರಲಿಲ್ಲ. ಅಂಥ ದನಿಯನ್ನು ನಾನು ಎಂದೂ ಮಾಡಲಾರೆ.

ಒಳಗೆ ಕಾಕು ಸೀರೆ ಮಡಚುತ್ತಿದ್ದರು. “ಯಾಕ ಹೊಂಟ್ರಿ ಕಾಕು?” ಎಂದೆ.

“ನಾ ಇಲ್ಲಿ ಇರೂತನಕ ಆಕಿ ಮನಿಗೆ ಯಾರೂ ಬರೂದಿಲ್ಲಪಾ. ಬಂದ್ರೂ ನನ್ನ ಬಾಯಿ ನೋಡಿ ಹೋಗತಾರ.”

ಮತ್ತೊಂದು ಸೀರೆ ಮಡಚುತ್ತ, ಮುಖ ಎತ್ತದೆ, “ರಾಘ್ಯಾ, ನಂದೊಂದು ನಕಲು ಮಾಡೋ. ನಾ ಹೆಂಗ ಮಾತಾಡ್ತಿದ್ದೆ ಅನ್ನೂದು ನನಗ ಮರ್ತೇ ಹೋಗೇದ” ಎಂದರು.

ಮಾಡಿದೆ. ನಳದ ಜಗಳದ್ದು ಮಾಡಿದೆ, ಮೊದಲಿನಂತೆ ಸೊಂಟಕ್ಕೆ ಕೈಯಿಟ್ಟು. ಕಾಕು ಯಾರೋ ಅಪರಿಚಿತರ ಮಾತು ಕೇಳುವವರಂತೆ ಕೇಳಿದರು. ನಗಲಿಲ್ಲ. ಮುಗಿದ ಮೇಲೆ ಒಂದು ಶೇಂಗಾ ಉಂಡಿ ನನ್ನ ಕೈಯಲ್ಲಿಟ್ಟು ಅಂದರು —

“ಒಂದು ಹುಡಿಗಿ ಬಾಳೇ ಕೆಡಿಸ್ತು ನನ್ನ ಬಾಯಿ. ನಿನ್ನ ಬಾಯಿ ಪುಣ್ಯಾದ್ದು ನೋಡಪಾ, ಮಂದೀನ ನಗಸ್ತದ.”

ಆಗ ಹೇಳಬೇಕಿತ್ತು. ಅದಕ್ಕಿಂತ ದೊಡ್ಡ ಬಾಗಿಲು ಯಾರಿಗೆ ತೆರೆದೀತು? ನಾನು ಉಂಡಿಯನ್ನು ಬಾಯಿಗೆ ತುರುಕಿಕೊಂಡೆ. ಬಾಯಿ ತುಂಬಿದವನು ಹೇಗೆ ಮಾತಾಡುತ್ತಾನೆ ಎಂಬ ನೆವ. ತಿಂದು ಮುಗಿಸಿ, ನೀರು ಕುಡಿದು, ಹೋಗಿ ಬರ್ತೇನ್ರಿ ಕಾಕು ಎಂದು ಬಂದುಬಿಟ್ಟೆ.

ಪ್ರಸನ್ನನಿಗೆ ಮದುವೆಯಾಗಿದೆ. ಕ್ಯಾಂಪಿನಲ್ಲಿ ಒಮ್ಮೆ ಕಂಡ, ಹೆಗಲ ಮೇಲೆ ಮಗು ಇತ್ತು. ಕನ್ನಡಕ ಹಿಡಿದೆಳೆಯುತ್ತಿತ್ತು. ಅದನ್ನು ತಿರುಗಿ ತಂದುಕೊಡುವುದು ನನ್ನಿಂದಾಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ. ಆದರೆ ಕಾಕು ತಾವು ಮಾಡದ ತಪ್ಪಿಗೆ ಟ್ರಂಕು ಹೊತ್ತು ಹೋಗುತ್ತಿದ್ದಾರೆ, ಮತ್ತು ನೀನು ತಪ್ಪು ವ್ಯಕ್ತಿಯ ಮೇಲೆ ಸಿಟ್ಟಾಗಿದ್ದೀ — ಇವೆರಡು ಇನ್ನೂ ನಡೆಯುತ್ತಿರುವ ಸಂಗತಿಗಳು.

ಇದನ್ನು ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಓಡಬೇಕೆಂದಿದ್ದೆ. ನನ್ನ ಧೈರ್ಯದ ಅಳತೆ ಅಷ್ಟೇ. ಇಲ್ಲ, ಹಾಗೆ ಮಾಡುವುದಿಲ್ಲ. ಗುರುವಾರ ಕಾಕೂನ ಬಸ್ಸು. ಬುಧವಾರ ಮುಂಜಾನೆ ನೀನು ಕೆಲಸಕ್ಕೆ ಹೊರಡುವ ಮೊದಲೇ ಬರುತ್ತೇನೆ, ಇಬ್ಬರನ್ನೂ ಒಂದೇ ಕೋಣೆಗೆ ಕರೆದು, ನಿಂತುಕೊಂಡೇ ಇದನ್ನು ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಕೊಡಬೇಕೋ ಬೇಡವೋ ಎಂಬ ಕೆಲಸ ನಿನ್ನ ತಲೆಗೆ ಬೀಳುತ್ತದೆ, ನಿನ್ನ ಮೇಲೆ ಹೊರಿಸಿದ್ದು ಸಾಕು. ಹೊರಗೆ ನಡಿ ಎಂದರೆ ನಡೆಯುತ್ತೇನೆ. ನೀನು ನಿನ್ನ ಅವ್ವನ ಕಡೆ ತಿರುಗಿದರೆ ಸಾಕು, ನನ್ನ ಕಡೆ ನೋಡಬೇಕಾಗಿಲ್ಲ.

ಕಾಕು ಬೈದರೆ — ಬೈಯಲಿ, ಇಡೀ ಗಲ್ಲಿ ಎದ್ದು ಬರುವ ಹಾಗೆ ಬೈಯಲಿ — ಕಡೆಯ ಮಾತಿನವರೆಗೂ ನಿಂತು ಕೇಳುತ್ತೇನೆ. ಅದರಲ್ಲಿ ಒಂದು ಮಾತನ್ನೂ ಎಂದಿಗೂ, ಯಾರೆದುರಿಗೂ, ಆಡಿ ತೋರಿಸುವುದಿಲ್ಲ.